ಬಾಯಿಪಾಲು

ಗೋಂದಿನ ವಾಸನೆ ನನಗೆ ಆಗಿಬರುವುದಿಲ್ಲ. ಮೊನ್ನೆ ಶನಿವಾರ ಮಧ್ಯಾಹ್ನ ಉಪ್ಪುಂದದ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಒಂದು ರವಿಕೆಗೆ ತೋಳು ಕೂರಿಸುತ್ತಾ ಇದ್ದೆ. ಆಗ ಅದೇ ವಾಸನೆ ಮೂಗಿಗೆ ಬಡಿಯಿತು. ತಲೆಯೆತ್ತಿ ನೋಡಿದರೆ, ಬಟ್ಟೆ ಕತ್ತರಿಸುವ ನನ್ನ ಮೇಜನ್ನು ತಂಗಿಯ ಮಗಳು ಪೂರ್ವಿ ಇಡಿಯಾಗಿ ಆಕ್ರಮಿಸಿಕೊಂಡಿದ್ದಾಳೆ. ಒಂಬತ್ತನೇ ಕ್ಲಾಸಿನ ಹುಡುಗಿ. ಮುಂದೆ ಹಳದಿ ಡ್ರಾಯಿಂಗ್ ಶೀಟು, ನಾಲ್ಕಾರು ಸ್ಕೆಚ್ ಪೆನ್ನು, ಪುಸ್ತಕದಂಗಡಿಯಲ್ಲಿ ಸಿಗುತ್ತದಲ್ಲ, ಕವಿಗಳ ಚಿತ್ರಪಟ, ಅದು ಒಂದು. ಅದರಲ್ಲಿ ಕವಿಗಳೆಲ್ಲ ಪಾಸ್‌ಪೋರ್ಟ್ ಫೋಟೋದವರಂತೆ ಸಾಲಾಗಿ ಕೂತಿದ್ದರು. ಅವರಲ್ಲೊಬ್ಬರನ್ನು ಕತ್ತರಿಸಿ ತೆಗೆದು, ಮಗುಚಿ ಹಾಕಿ, ಬೆನ್ನಿಗೆ ಗೋಂದು ಬಳಿಯುತ್ತಿದ್ದಳು. ಕತ್ತರಿಸಿದ್ದು ನನ್ನ ಬಟ್ಟೆಯ ಕತ್ತರಿಯಲ್ಲಿ. ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ಹಾಕಿದರೆ ಬರುವ ಸಿಟ್ಟನ್ನು ದರ್ಜಿಗಳಿಗೆ ವಿವರಿಸಬೇಕಾಗಿಲ್ಲ, ಬೇರೆಯವರಿಗೆ ವಿವರಿಸಿ ಪ್ರಯೋಜನವಿಲ್ಲ.

"ಯಾರೇ ಅವ್ರ್?" ಎಂದೆ.

"ಕವಿ, ದೊಡ್ಡಮ್ಮ. ಶಾಲಿ ಪ್ರಾಜೆಕ್ಟಿಗ್ ಟೀಚರ್ ಕೊಟ್ಟ್ ಲಿಸ್ಟಲ್ಲಿ ನಂಗೆ ಬಂದದ್ದ್ ಇವ್ರೇ."

"ಅವ್ರದ್ದ್ ಒಂದ್ ಸಾಲ್ ಹೇಳ್ ಕಾಂಬ."

"ಸಾಲೆಲ್ಲ ಬ್ಯಾಡ ಅಂದಿರ್ ಟೀಚರ್. ಪರಿಚಯ ಮಾತ್ರ ಸಾಕಂಬ್ರ್."

ಶೀಟಿನ ಮೇಲೆ ನಾಲ್ಕು ಚೌಕ ಎಳೆದಿದ್ದಳು. ಜನನ, ಊರು, ಕೃತಿಗಳು, ಪ್ರಶಸ್ತಿಗಳು. ಮೊಬೈಲ್ ನೋಡಿಕೊಂಡು ನಾಲ್ಕನ್ನೂ ತುಂಬಿಸಿಯಾಗಿತ್ತು. ಪಾಪ, ಆ ಫೋಟೋದ ಕವಿಯ ಮೇಲೆ ನನಗೇನೂ ಕೋಪವಿಲ್ಲ. ಜೀವಮಾನವೆಲ್ಲ ಬರೆದು, ಕೊನೆಗೆ ಒಂದೇ ಒಂದು ಸಾಲೂ ಓದಿಸಿಕೊಳ್ಳದೆ ನನ್ನ ಮೇಜಿನ ಮೇಲೆ ಮಕಾಡೆ ಬಿದ್ದಿದ್ದರಲ್ಲ, ನನ್ನ ಹೊಟ್ಟೆ ಉರಿದದ್ದು ಅದಕ್ಕೆ. ಆ ನಾಲ್ಕು ಚೌಕಗಳನ್ನು ನಾನೂ ಒಂದು ಕಾಲದಲ್ಲಿ ಎಳೆದವಳು. ನನ್ನವು ತುಂಬಿರಲಿಲ್ಲ. ಆ ಕಥೆಯನ್ನು ನಿಮಗೆ ಹೇಳಿಯೇ ಬಿಡುತ್ತೇನೆ, ರವಿಕೆ ಅಲ್ಲಿಯೇ ಇರಲಿ.

ನನ್ನ ತವರು ಮರವಂತೆ. ನೀವು ಬಸ್ಸಿನಲ್ಲಿ ದಾಟಿರುತ್ತೀರಿ. ಒಂದು ಕಿಟಕಿಯಲ್ಲಿ ಕಡಲು, ಇನ್ನೊಂದರಲ್ಲಿ ಹೊಳೆ. ಎಲ್ಲರೂ ಮೊಬೈಲ್ ಎತ್ತಿ ಫೋಟೋ ಹೊಡೆಯುವ ಜಾಗ. ಅಲ್ಲಿ ಬದುಕುವವರಿಗೆ ಮಾತ್ರ ಅದು ಒಂದು ಓಣಿ, ಅಷ್ಟೆ. ಹಿಂದೆ ಹೆಜ್ಜೆ ಇಟ್ಟರೆ ಹೆದ್ದಾರಿ, ಅದನ್ನೂ ದಾಟಿದರೆ ಹೊಳೆ. ಇದನ್ನು ಯಾಕೆ ಹೇಳಿದೆನೆಂದರೆ, ನಮ್ಮಲ್ಲಿ ಕೈರಂಪಣಿ ಬಲೆಯನ್ನು ಎಳೆಯುವುದು ಹಿಂದೆ ಹಿಂದೆ ಹೆಜ್ಜೆ ಇಟ್ಟುಕೊಂಡು. ದೋಣಿಯವರು ಬಲೆಯನ್ನು ಕಡಲಿನಲ್ಲಿ ಅರ್ಧ ಸುತ್ತು ಹಾಕಿ ಎರಡೂ ತುದಿಯ ಹಗ್ಗವನ್ನು ದಡಕ್ಕೆ ತಂದುಕೊಡುತ್ತಾರೆ. ಆಮೇಲೆ ಕೇರಿಗೆ ಕೇರಿಯೇ ಎರಡು ಸಾಲಾಗಿ ನಿಂತು, ಕಡಲಿಗೆ ಮುಖ ಮಾಡಿ, ಹಿಂದೆ ಸರಿಯುತ್ತಾ ಎಳೆಯಬೇಕು. ನಮ್ಮ ಕಡೆ ಬಡಗಿನ ಹಗ್ಗ ಗಂಡಸರದು. ತೆಂಕಿನ ಹಗ್ಗ ಹೆಂಗಸರದು, ಮಕ್ಕಳದು. ತೆಂಕಿನ ಹಗ್ಗದ ತಲೆಯಲ್ಲಿ ನಿಲ್ಲುತ್ತಿದ್ದವಳು ಗುಲಾಬಜ್ಜಿ.

ಗುಲಾಬಜ್ಜಿ ನಮ್ಮ ಸಂಬಂಧಿಯಲ್ಲ, ನೆರೆಮನೆಯವಳು. ಹೆಸರು ಕೇಳಿ ಮೃದುವಾದ ಮುದುಕಿಯನ್ನು ಕಲ್ಪಿಸಿಕೊಂಡಿದ್ದರೆ ದಯಮಾಡಿ ತಿದ್ದಿಕೊಳ್ಳಿ. ಗಂಡಸರಿಗಿಂತ ಎತ್ತರ, ಎಲೆಯಡಿಕೆ ತುಂಬಿದ ಬಾಯಿ, ಹೆದ್ದಾರಿಯ ಲಾರಿಯ ಹಾರನ್ನಿನ ಮೇಲೆಯೂ ಕೇಳುವ ಸ್ವರ. ತನ್ನ ಹೊಗಳಿಕೆಯನ್ನು ಬೇರೆಯವರು ಮಾಡಲಿ ಎಂದು ಕಾದವಳಲ್ಲ, ತಾನೇ ಮಾಡಿಕೊಂಡು ಮುಗಿಸುತ್ತಿದ್ದಳು. ಅವಳು ಒಂದು ಸಾಲು ಕೂಗಿದರೆ ನಾವೆಲ್ಲ 'ಐಸಾ' ಎಂದು ಹಗ್ಗಕ್ಕೆ ಬೀಳುತ್ತಿದ್ದೆವು. ಆ ಸಾಲು ನಿನ್ನೆ ಇದ್ದದ್ದಲ್ಲ, ನಾಳೆ ಇರುವುದೂ ಅಲ್ಲ. ಅವತ್ತಿನ ಕಡಲು, ಅವತ್ತಿನ ಹೊಟ್ಟೆ, ಅವತ್ತು ದಡದಲ್ಲಿ ಕೈಕಟ್ಟಿ ನಿಂತವನ ಮೋರೆ, ಎಲ್ಲವೂ ಅದರೊಳಗೆ ಬಂದುಬಿಡುತ್ತಿತ್ತು. ಒಂದು ಸಲ ಬಲೆಯ ಯಜಮಾನರು ಕೊಡೆ ಹಿಡಿದುಕೊಂಡು ನೋಡುತ್ತಾ ನಿಂತಿದ್ದಾಗ ಇವಳು ಎತ್ತಿದಳು:

ಸಾಹ್ಕಾರ್ರ್ ಹೊಟ್ಟೆ ಬೆಳಿತಾ ಇತ್ತ್ — ಐಸಾ
ನಮ್ಮನಿ ಹಗ್ಗ ಸವಿತಾ ಇತ್ತ್ — ಐಸಾ

ತಮ್ಮ ಹೊಟ್ಟೆ ಬೆಳೆದು ನಮ್ಮ ಹಗ್ಗ ಸವೆಯುವ ಮಾತು ಕಿವಿಗೆ ಬಿದ್ದದ್ದೇ ಯಜಮಾನರು ಕೊಡೆ ಮಡಚಿ, ಪಂಚೆ ಎತ್ತಿಕಟ್ಟಿ, ತಾವೂ ಹಗ್ಗ ಹಿಡಿದರು. ಬೇರೆ ದಾರಿ ಇರಲಿಲ್ಲ.

ಮೀನು ಬಿದ್ದ ಮೇಲೆ ಪಾಲು ಹಾಕುವುದು ಕ್ರಮ. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದ ಕೈಗೆ ಇಷ್ಟು. ಗುಲಾಬಜ್ಜಿಗೆ ಮಾತ್ರ ಎರಡು ಪಾಲು. ಒಂದು ಕೈಯದು, ಇನ್ನೊಂದು ಬಾಯಿಯದು. ಬಾಯಿಪಾಲು ಎಂದೇ ಅದಕ್ಕೆ ಹೆಸರು. ಅದನ್ನು ಯಾರೂ ಅವಳಿಗೆ ಪ್ರೀತಿಯಿಂದ ಕೊಟ್ಟದ್ದಲ್ಲ. ನಾನು ಹುಟ್ಟುವ ಮೊದಲಿನ ಮಾತು, ಅಮ್ಮ ಹೇಳಿದ್ದು. ಅಜ್ಜಿ ಒಂದು ದಿನ ಪಾಲಿನ ಹೊತ್ತಿಗೆ, "ನನ್ ಬಾಯಿ ಎಳ್ದದ್ದಕ್ ಎಂತ ಇತ್ತ್?" ಎಂದು ಕೇಳಿದಳಂತೆ. ಎಲ್ಲರೂ ನಕ್ಕರು. ಮರುದಿನ ಅವಳು ಬಂದು ಹಗ್ಗ ಹಿಡಿದಳು, ಎಲ್ಲರಿಗಿಂತ ಬಲವಾಗಿ ಎಳೆದಳು, ಬಾಯಿ ಮಾತ್ರ ಬಿಡಲಿಲ್ಲ. ಒಬ್ಬಳು ಎಳೆಯುವಾಗ ಇನ್ನೊಬ್ಬಳು ಉಸಿರು ತೆಗೆದುಕೊಂಡಳು, ಮತ್ತೊಬ್ಬಳು ಮುಗ್ಗರಿಸಿದಳು. ತೆಂಕಿನ ಹಗ್ಗ ಹಿಂದೆ ಬಿತ್ತು, ಬಲೆ ಓರೆಯಾಯಿತು, ಬಂಗಡೆ ಎಲ್ಲ ಸಂದಿಯಲ್ಲಿ ದಾಟಿ ಹೋಯಿತು. ಅದರ ಮಾರನೆಯ ದಿನದಿಂದ ಬಾಯಿಪಾಲು ಶುರು. ಹೆಚ್ಚೇನಲ್ಲ, ಎರಡು ಬೊಗಸೆ ಬೂತಾಯಿ ಮೀನು. ಅವಳು ಅದನ್ನು ಕೈಪಾಲಿನ ಜೊತೆ ಎಂದೂ ಬೆರೆಸುತ್ತಿರಲಿಲ್ಲ. ಬೇರೆಯೇ ಬುಟ್ಟಿ. ಅದನ್ನು ಮಾರುತ್ತಲೂ ಇರಲಿಲ್ಲ, ತಾನೇ ಸಾರು ಮಾಡಿ ಉಣ್ಣುತ್ತಿದ್ದಳು.

ನಮ್ಮ ಹೈಸ್ಕೂಲಿಗೆ ಕನ್ನಡ ಕಲಿಸುತ್ತಿದ್ದ ಮಾಸ್ಟ್ರು ಸಾಲಿಗ್ರಾಮದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಪಾಠ ಚೆನ್ನಾಗಿ ಮಾಡುತ್ತಿದ್ದರು, ಅದನ್ನು ಇಲ್ಲ ಎನ್ನಲಾರೆ. ಪದ್ಯ ಓದುವಾಗ ಅವರಿಗೆ ಕಣ್ಣು ಮುಚ್ಚುತ್ತಿತ್ತು. ಒಂದು ದಿನ ಕ್ಲಾಸಿನಲ್ಲಿ ಅವರೇ ಕೇಳಿದರು, ಕವಿ ಎಂದರೆ ಯಾರು ಎಂದು. "ಒಮ್ಮೆ ಕೇಳಿದ ಮೇಲೆ ಯಾರ ಸಾಲು ನಿಮ್ಮನ್ನು ಬಿಟ್ಟು ಹೋಗುವುದಿಲ್ಲವೋ ಅವರೇ ಕವಿ" ಎಂದರು. ಹಾಗೆಂದು, ರಾಜ್ಯೋತ್ಸವದ ವಾರದಲ್ಲಿ ಪ್ರತಿಯೊಬ್ಬರೂ ಒಬ್ಬ ಕವಿಯ ಜೀವನ ಮತ್ತು ಕಾವ್ಯವನ್ನು ಸಂಶೋಧನೆ ಮಾಡಿ ಸಭಾಂಗಣದಲ್ಲಿ ಪರಿಚಯಿಸಬೇಕು, ಚೆನ್ನಾಗಿ ಮಾಡಿದವರನ್ನು ಕುಂದಾಪುರದ ಸ್ಪರ್ಧೆಗೆ ಕಳಿಸುತ್ತೇನೆ ಎಂದರು. ಅವರ ಮಾತನ್ನು ಕ್ಲಾಸಿನಲ್ಲಿ ಅಕ್ಷರಶಃ ನಂಬಿದವಳು ನಾನೊಬ್ಬಳೇ. ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿದೆ. ನನ್ನನ್ನು ಬಿಟ್ಟು ಹೋಗದ ಸಾಲು ಯಾರದು? ಯೋಚಿಸಬೇಕಾದ್ದೇನೂ ಇರಲಿಲ್ಲ.

ಸಂಶೋಧನೆ ಎಂಬ ಶಬ್ದಕ್ಕೆ ನಾನು ಆಗ ಬಹಳ ಮರುಳಾಗಿದ್ದೆ. ಎರಡು ಜಡೆಯನ್ನು ಒಂದು ಮಾಡಿಕೊಂಡು, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು, ದೊಡ್ಡ ಗತ್ತಿನಲ್ಲಿ ಅಜ್ಜಿಯ ಅಂಗಳಕ್ಕೆ ಹೋದೆ. ಅವಳು ಒಣಮೀನು ಮಗುಚಿ ಹಾಕುತ್ತಿದ್ದಳು.

"ಅಜ್ಜಿ, ನೀವ್ ಹುಟ್ಟಿದ್ದ್ ಯಾವಾಗ?"

"ಕಡ್ಲ್ ನಮ್ಮನಿ ಒಲಿಬುಡಕ್ ಬಂದ್ ವರ್ಷ."

"ಅದ್ ಯಾವ್ ವರ್ಷ?"

"ಕಡ್ಲ್ ಹತ್ರ ಕೇಳ್. ಎಂತಕ್ ಇದೆಲ್ಲ?"

ನೀವು ಕವಿ, ನಿಮ್ಮ ಬಗ್ಗೆ ಶಾಲೆಯಲ್ಲಿ ಹೇಳುತ್ತೇನೆ ಎಂದೆ. ನಾಚಿಕೊಳ್ಳುತ್ತಾಳೆ, ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. "ಇಷ್ಟ್ ತಡ ಆಯ್ತಾ ನಿಮ್ ಶಾಲಿಯರಿಗ್ ಗೊತ್ತಾಪ್ಕೆ?" ಎಂದು ಸೆರಗು ಸರಿಮಾಡಿಕೊಂಡು ಜಗಲಿಯ ಮೇಲೆ ಕೂತಳು. ಪದಗಳನ್ನು ಒಂದೊಂದಾಗಿ ಹೇಳಿ, ಬರ್ಕಂತೆ ಎಂದೆ. ಅವಳು ಬಾಯಿ ತೆರೆದಳು. ಮುಚ್ಚಿದಳು. ಎಲೆಯಡಿಕೆ ಉಗುಳಿ ಬಂದು ಮತ್ತೆ ತೆರೆದಳು. ಏನೂ ಬರಲಿಲ್ಲ. ಅಷ್ಟು ಎತ್ತರದ ಹೆಂಗಸಿನ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಕೂಕಂಡ್ರೆ ಬತ್ತಿಲ್ಲ ಹೆಣೆ," ಎಂದಳು. ಎದ್ದು ನಿಂತಳು. ಆಗಲೂ ಬರಲಿಲ್ಲ. ತನ್ನ ಎರಡೂ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಕೈ ಖಾಲಿ ಇತ್ತ್ ಮಾರಾಯ್ತಿ. ಪದ ಎಲ್ಲಿಂದ ಬಪ್ದ್?"

ಹಿತ್ತಿಲಿಂದ ಹಳೆಯ ಹಗ್ಗದ ತುಂಡೊಂದನ್ನು ತಂದು ತೆಂಗಿನಮರಕ್ಕೆ ಕಟ್ಟಿದೆ. ಅಜ್ಜಿ ಎಳೆದಳು. ಮರ ಅಲ್ಲಾಡಲಿಲ್ಲ, ಪದವೂ ಬರಲಿಲ್ಲ. "ಇದ್ಕ್ ಬಪ್ಪು ಮನ್ಸೇ ಇಲ್ಲ. ಬಪ್ಪುದನ್ನ್ ಎಳ್ದ್ರೆ ಪದ ಬತ್ತ್. ನೀನ್ ಹಿಡಿ ಕಾಂಬ," ಎಂದಳು. ಹಗ್ಗದ ಇನ್ನೊಂದು ತುದಿಯನ್ನು ಮರದಿಂದ ಬಿಚ್ಚಿ ನಾನು ಹಿಡಿದೆ. ಹಿಡಿದದ್ದಷ್ಟೇ ನೆನಪು. ಆಮೇಲೆ ನಾನು ಬಲೆಯಾದೆ, ಮೀನಾದೆ, ಒಣಮೀನಿನ ಚಾಪೆಯ ಮೇಲೆ ಎಳೆಸಿಕೊಂಡು ಹೋದೆ. ಕಿವಿಯ ಪೆನ್ಸಿಲ್ ಎಲ್ಲಿಗೆ ಹಾರಿತೋ ತಿಳಿಯದು. ಆದರೆ ಪದ ಬಂತು. ಒಂದರ ಹಿಂದೆ ಒಂದು ಬಂತು. ನಾನು ಹಲ್ಲು ಕಚ್ಚಿಕೊಂಡು ಐಸಾ ಎನ್ನುತ್ತಿದ್ದೆ. ಆವತ್ತು ಬಂದದ್ದರಲ್ಲಿ ಒಂದು ಇದು:

ಹಿಂದ್ ಹೋಪರ್ ಸೋತರಲ್ಲ — ಐಸಾ
ಕಡ್ಲೇ ಬತ್ತ್ ಕಾಲ್ಬುಡಕ್ — ಐಸಾ

ಹಿಂದೆ ಸರಿಯುವವರು ಸೋತವರಲ್ಲ, ಕಡಲೇ ಕಾಲಬುಡಕ್ಕೆ ಬರುತ್ತದೆ. ಹಿಂದೆ ಹೆಜ್ಜೆ ಇಟ್ಟೇ ಕಡಲನ್ನು ಮನೆಗೆ ತರುವವರ ಸಾಲು. ಬರಹದ ಕನ್ನಡಕ್ಕೆ ತಂದಾಗ ಅದು ಸಪ್ಪೆಯಾಯಿತು, ನನಗೆ ಗೊತ್ತು. ಕ್ಷಮಿಸಿ, ನಿಮ್ಮ ಕೈಗೆ ಹಗ್ಗ ಕೊಡಲು ನನ್ನಿಂದಾಗುವುದಿಲ್ಲ.

"ಬರ್ಕಂಡ್ಯಾ?" ಎಂದಳು ಕೊನೆಗೆ, ಏದುಸಿರು ಬಿಡುತ್ತಾ.

"ಎರ್ಡ್ ಕೈಯಲ್ಲೂ ಹಗ್ಗ ಇತ್ತಲೆ ಅಜ್ಜಿ!"

"ಹಂಗಾರೆ ನಿಂಗೆ ಬಂತ್ ಬಿಡ್."

ನಾಲ್ಕು ಚೌಕದ ನನ್ನ ಶೀಟನ್ನು ಮಾಸ್ಟ್ರು ರಾಜ್ಯೋತ್ಸವಕ್ಕೆ ಮೊದಲೇ ಕ್ಲಾಸಿನಲ್ಲಿ ನೋಡಿದರು. ಬೇಡ ಎಂದು ಸಾವಧಾನವಾಗಿಯೇ ಹೇಳಿದರು. "ನೋಡು, ಸಂಕಲನ ಇಲ್ಲ. ಪ್ರಶಸ್ತಿ ಇಲ್ಲ. ಹುಟ್ಟಿದ ವರ್ಷವೂ ಇಲ್ಲ. ಕೂಗಿದವರನ್ನೆಲ್ಲ ಕವಿ ಎಂದರೆ ಉಳಿದ ಕವಿಗಳ ಗತಿಯೇನು? ಪುಸ್ತಕದಲ್ಲಿ ಇರುವವರನ್ನು ತೆಗೆದುಕೋ."

"ಪ್ರಶಸ್ತಿ ಇತ್ತ್ ಸಾರ್. ಬಾಯಿಪಾಲ್," ಎಂದೆ.

ಕ್ಲಾಸು ನಕ್ಕಿತು. ಹೆಚ್ಚಿನವರು ಅದೇ ಹಗ್ಗ ಎಳೆದು ಬಂದವರು, ಅದೇ ಬೂತಾಯಿ ತಿಂದವರು, ಆದರೂ ನಕ್ಕರು. ನನಗೆ ಅವತ್ತು ಮಾಸ್ಟ್ರಿಗಿಂತ ಹೆಚ್ಚು ಸಿಟ್ಟು ಬಂದದ್ದು ಅವರ ಮೇಲೆ. ನಮ್ಮ ಮನೆಯದನ್ನು ಶಾಲೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬರಬೇಕೆಂದು ಅವರಿಗೆ ಯಾರು ಹೇಳಿಕೊಟ್ಟರೋ. ನಾನು ಬೇರೆ ಕವಿಯನ್ನು ತೆಗೆದುಕೊಳ್ಳಲಿಲ್ಲ. ಮಾಸ್ಟ್ರು, "ನಿನ್ನ ಹಣೆಬರಹ" ಎಂದು ಬಿಟ್ಟರು.

ಪರಿಚಯ ಮಾಡಿಕೊಡುವ ದಿನ ಬಂತು. ಸಭಾಂಗಣ ಎಂದರೆ ಎರಡು ಕ್ಲಾಸಿನ ನಡುವಿನ ಹಲಗೆಯನ್ನು ತೆಗೆದದ್ದು. ಮಾಸ್ಟ್ರು ಗಂಟೆ ಹಿಡಿದು ಪಕ್ಕದಲ್ಲಿ ಕೂತಿದ್ದರು. ನನಗಿಂತ ಮೊದಲು ಬಂದವರೆಲ್ಲ ಪುಸ್ತಕದ ಹಿಂದಿನ ಪರಿಚಯವನ್ನು ಗಿಣಿಪಾಠ ಒಪ್ಪಿಸಿ ಕೂತರು. ಒಬ್ಬರೇ ಕವಿ ಮೂರು ಸಲ ಹುಟ್ಟಿದರು. ನನ್ನ ಸರದಿ ಬಂದಾಗ ನಿಂತೆ. "ಕವಿಯ ಹೆಸರು ಗುಲಾಬಿ. ಊರು ಮರವಂತೆ. ಕಡಲು ಇವರ ಮನೆಯ ಒಲೆಬುಡಕ್ಕೆ ಬಂದ ವರ್ಷ ಹುಟ್ಟಿದರು" ಎಂದೆ. ಅಲ್ಲಿಯವರೆಗೆ ಸರಿಯಿತ್ತು. "ಇವರ ಕಾವ್ಯದ ಕೆಲವು ಸಾಲುಗಳು" ಎಂದು ಬಾಯಿ ತೆರೆದೆ.

ಇಲ್ಲ. ಒಂದೂ ಇಲ್ಲ. ಅಂಗಳದಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಎಲ್ಲಿಗೆ ಹೋಯಿತು? ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಲಂಗಕ್ಕೆ ಒರೆಸಿಕೊಂಡೆ. ಆಗ ತಿಳಿಯಿತು, ಅಜ್ಜಿಯ ಕಾಯಿಲೆ ನನಗೂ ಅಂಟಿದೆ ಎಂದು. ಕೈ ಖಾಲಿ ಇತ್ತು.

"ಕವಿತೆ ಇಲ್ದಿದ್ ಕವಿ!" ಎಂದರು ಹಿಂದಿನ ಬೆಂಚಿನವರು. ಮಾಸ್ಟ್ರು ಗಂಟೆ ಬಾರಿಸಿ, "ಸಾಕು, ಕೂತುಕೋ" ಎಂದರು. ಕೂತಿದ್ದರೆ ಇಂದು ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ, ಬಹುಶಃ ಪೂರ್ವಿಗೆ ಗೋಂದು ಹಚ್ಚಿಕೊಡುತ್ತಿದ್ದೆ. ಕೂರಲಿಲ್ಲ. ಜಗಲಿಯಲ್ಲಿ ಕಿಟಕಿಯ ಕೆಳಗೆ ಹಗ್ಗಜಗ್ಗಾಟದ ಹಗ್ಗ ಬಿದ್ದಿತ್ತು, ಬೆಳಿಗ್ಗೆ ಯಾರೋ ಅಭ್ಯಾಸ ಮಾಡಿ ಬಿಟ್ಟದ್ದು. ಹೊರಗೆ ಹೋಗಿ ಅದನ್ನು ಎಳೆದು ತಂದೆ. ಒಂದು ತುದಿಯನ್ನು ನಕ್ಕವರ ಬೆಂಚಿಗೇ ಎಸೆದೆ. "ಹಿಡಿನಿ! ನಿಮ್ಗ್ ಗೊತ್ತಿಲ್ದಿದ್ದದ್ದಾ ಇದ್?" ಎಂದೆ. ಹೇಳಿದೆನಲ್ಲ, ಕಡಲತಡಿಯ ಮಕ್ಕಳು. ಹಗ್ಗ ಮೈಮೇಲೆ ಬಿದ್ದರೆ ಅವರ ಕೈ ಸುಮ್ಮನಿರುವುದಿಲ್ಲ. ಹಿಡಿದರು. ಭಾರ ಬಿತ್ತು. ಭಾರ ಬಿದ್ದದ್ದೇ ನನ್ನ ಬಾಯಿಂದ ಗುಲಾಬಜ್ಜಿ ಹೊರಟಳು.

ಸಾಹುಕಾರರ ಹೊಟ್ಟೆ ಬಂತು, ಸವೆದ ಹಗ್ಗ ಬಂತು, ಐಸಾ ಎಂದರು ಎಲ್ಲರೂ. ನಾನು ಕಲಿತ ಕ್ರಮದಲ್ಲೇ ಹಿಂದೆ ಹೆಜ್ಜೆ ಇಟ್ಟೆ. ಬಾಗಿಲು ದಾಟಿದೆ, ಜಗಲಿ ದಾಟಿದೆ, ಮೆಟ್ಟಿಲಿಳಿದೆ. ಹಗ್ಗದ ಆ ತುದಿ ನನ್ನ ಹಿಂದೆ ಬರಲೇಬೇಕಲ್ಲ, ಬಂತು. ಮೊದಲು ಹಿಂದಿನ ಬೆಂಚು, ಆಮೇಲೆ ನಡುವಿನದು, ಕೊನೆಗೆ ಒಬ್ಬರನ್ನೊಬ್ಬರು ನೂಕಿಕೊಂಡು ಇಡೀ ಕ್ಲಾಸು ಮೈದಾನಕ್ಕೆ ಇಳಿಯಿತು. 'ಹಿಂದ್ ಹೋಪರ್ ಸೋತರಲ್ಲ' ಎಂದು ನಾನು ಕೂಗುವ ಹೊತ್ತಿಗೆ ಸಭಾಂಗಣದಲ್ಲಿ ಉಳಿದವರು ಮಾಸ್ಟ್ರು ಒಬ್ಬರೇ. ಕೈಯಲ್ಲಿ ಗಂಟೆ ಇತ್ತು, ಬಾರಿಸಲು ಎದುರಿಗೆ ಯಾರೂ ಇರಲಿಲ್ಲ.

ಮಾಸ್ಟ್ರು ಮನಸ್ಸು ಕರಗಿ ನನ್ನನ್ನು ಕುಂದಾಪುರಕ್ಕೆ ಕಳಿಸಿದರು ಎಂದು ನೀವು ಕಾಯುತ್ತಿದ್ದರೆ, ಇಲ್ಲ. ಇಪ್ಪತ್ತಕ್ಕೆ ಆರು ಮಾರ್ಕು ಕೊಟ್ಟರು. ಶಿಸ್ತಿಲ್ಲ ಎಂದರು. ಕುಂದಾಪುರಕ್ಕೆ ಹೋದದ್ದು, ಮೂರು ಸಲ ಹುಟ್ಟಿದ ಕವಿಯನ್ನು ಮೂರನೆಯ ಸಲ ಹುಟ್ಟಿಸಿದವಳು.

ಸಂಜೆ ಗುಲಾಬಜ್ಜಿ ಕೇಳಿದ್ದು ಒಂದೇ. "ಬಾಯಿಪಾಲ್ ಎಷ್ಟ್ ಸಿಕ್ತ್?" ಮಾರ್ಕಿನ ವಿಷಯ ಹೇಳಿದೆ. ಮಾರನೆಯ ದಿನ ಎರಡನೇ ಪೀರಿಯಡ್ಡಿನಲ್ಲಿ ಬಾಗಿಲು ಕತ್ತಲಾಯಿತು. ನೋಡಿದರೆ ಅಜ್ಜಿ, ಕೈಯಲ್ಲಿ ಬಾಯಿಪಾಲಿನ ಆ ಖಾಲಿ ಬುಟ್ಟಿ.

"ಹ್ವಾಯ್ ಮಾಸ್ಟ್ರೇ, ಈ ಹೆಣ್ ನನ್ ಪದ ಹಾಕಿ ನಿಮ್ ಮಕ್ಳನ್ನೆಲ್ಲ ಹೊರ್ಗ್ ಎಳಿತ್ ಅಂಬ್ರ್. ನನ್ನ ಪಾಲ್ ಎಲ್ಲಿತ್ತ್?"

ಮಾಸ್ಟ್ರು ಎದ್ದು ನಿಂತರು. "ಅಜ್ಜಿ, ಇದು ಶಾಲೆ. ಇಲ್ಲಿ ಪಾಲು ಹಂಚುವುದಿಲ್ಲ, ಮಾರ್ಕು ಕೊಡುವುದು."

"ಹಂಗಾರೆ ಮಾರ್ಕಲ್ಲೇ ನನ್ ಪಾಲ್ ಕೊಡಿ."

"ಮಾರ್ಕನ್ನು ಪಾಲು ಮಾಡಲಿಕ್ಕೆ ಬರುವುದಿಲ್ಲ ಅಜ್ಜಿ."

ಅಜ್ಜಿ ಬುಟ್ಟಿಯನ್ನು ಮಗುಚಿ ಹಿಡಿದು ಒಮ್ಮೆ ಕೊಡವಿದಳು. "ಪಾಲ್ ಮಾಡುಕ್ ಬರ್ದಿದ್ದದ್ದ್ ಮೀನಲ್ಲ ಮಾಸ್ಟ್ರೇ. ಬರೀ ನೀರ್." ಹಾಗೆಂದು ಹೊರಟೇ ಹೋದಳು. ಈ ಸಲ ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಮಾಸ್ಟ್ರು ಪುಸ್ತಕ ತೆರೆದು ಪಾಠ ಮುಂದುವರಿಸಿದರು. ಆಮೇಲೆ ಆ ಮಾತನ್ನು ಅವರು ಎತ್ತಲಿಲ್ಲ, ನನ್ನ ಆರು ಮಾರ್ಕು ಏಳೂ ಆಗಲಿಲ್ಲ. ಅವರ ಮೇಲೆ ನನಗೆ ಗೌರವವಿದೆ. ಆ ಆರು ಮಾರ್ಕನ್ನು ಮಾತ್ರ ನಾನು ಇವತ್ತಿಗೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಗುಲಾಬಜ್ಜಿ ಹೋಗಿ ಎಷ್ಟೋ ಮಳೆಗಾಲವಾಯಿತು. ತೆಂಕಿನ ಹಗ್ಗ ಎಳೆಯುತ್ತಿದ್ದ ಹೊಯ್ಗೆಯ ದಡವನ್ನು ಕಡಲು ಕೊರೆದು ಒಯ್ದಿತು, ಉಳಿದದ್ದರ ಮೇಲೆ ದೊಡ್ಡ ದೊಡ್ಡ ಕಲ್ಲು ತಂದು ಸುರಿದರು. ಆ ಕಲ್ಲಿನ ಮೇಲೆ ಹಿಂದೆ ಹಿಂದೆ ಹೆಜ್ಜೆ ಇಡಲು ಆಗುವುದಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಅಲ್ಲಿ ನಿಂತು ಆ ಪದಗಳನ್ನು ನೆನೆಯಲು ನೋಡಿದ್ದೇನೆ. ಬಂದದ್ದೇ ಇಲ್ಲ. ಹೋಯಿತು, ಅಜ್ಜಿಯ ಜೊತೆಗೆ ಹೋಯಿತು ಎಂದುಕೊಂಡಿದ್ದೆ. ಮೇಲೆ ನಿಮಗೆ ಬರೆದು ಕೊಟ್ಟ ಸಾಲುಗಳಿವೆಯಲ್ಲ, ಅವು ನನಗೆ ಮರಳಿ ಸಿಕ್ಕಿದ್ದು ಮೊನ್ನೆ ಶನಿವಾರ.

ಸಾಲುಗಳನ್ನು ಬಿಟ್ಟು ಇಷ್ಟೆಲ್ಲ ಕಥೆಯನ್ನು ಅವತ್ತು ಪೂರ್ವಿಗೂ ಹೇಳಿದೆ. ಕೇಳಿದ ಮೇಲೆ ಅವಳು ಗೋಂದಿನ ಬಾಟಲಿ ಮುಚ್ಚಿ, ಮೊಬೈಲಿನಲ್ಲಿ ಏನೋ ಒತ್ತಿ ನೋಡಿದಳು. "ಆ ಅಜ್ಜಿ ಇದ್ರಲ್ಲ್ ಇಲ್ಲ ದೊಡ್ಡಮ್ಮ," ಎಂದಳು. "ಪದ ಹೇಳಿ ಕಾಂಬ." ನಾನು ಬಾಯಿ ತೆರೆದೆ. ಎಂದಿನಂತೆ ಖಾಲಿ. ಅವಳು ಅಯ್ಯೋ ಪಾಪ ಎಂಬಂತೆ ನನ್ನ ಮುಖ ನೋಡಿದಳು. ಆ ನೋಟ ನನಗೆ ತಡೆಯಲಾಗಲಿಲ್ಲ. ಎದ್ದು ಕೆಲಸಕ್ಕೆ ತೊಡಗಿದೆ. ಫಾಲ್ ಹಚ್ಚಲು ಬಂದ ನೂಲಿನ ಸೀರೆಯೊಂದು ನೀರಿಗೆ ಹಾಕಿ ಒಣಗಿಸಿದ್ದು ಹಗ್ಗದ ಮೇಲಿತ್ತು. ಅಂಥದ್ದನ್ನು ಇ‌ಬ್ಬರು ಎರಡು ತುದಿ ಹಿಡಿದು ಜಗ್ಗಿ ಸುಕ್ಕು ಬಿಡಿಸಬೇಕು, ಇಲ್ಲದಿದ್ದರೆ ಫಾಲ್ ನೆಟ್ಟಗೆ ಕೂರುವುದಿಲ್ಲ. "ಬಾ, ಸೆರಗ್ ಹಿಡಿ," ಎಂದೆ. ಅವಳು ಸೆರಗಿನ ಬದಿ ಹಿಡಿದಳು, ನಾನು ಇನ್ನೊಂದು ಬದಿ. ಜಗ್ಗಿದೆ. ಜಗ್ಗಿದ್ದಕ್ಕೆ ಅವಳೂ ಜಗ್ಗಿದಳು.

ಭಾರ ಬಿತ್ತು ನೋಡಿ ಕೈಗೆ. ನಾನು ಒಂದು ಹೆಜ್ಜೆ ಹಿಂದೆ ಇಟ್ಟೆ. ಗಂಟಲಿನಿಂದ ಬಂದದ್ದು ನನ್ನ ಸ್ವರ ಹೌದೋ ಅಲ್ಲವೋ ಎಂದು ನನಗೇ ಅನುಮಾನ. ಸಾಹುಕಾರರ ಹೊಟ್ಟೆ ಮೊದಲು ಬಂತು. ಬಾಗಿಲಲ್ಲಿ ರವಿಕೆ ಕೇಳಲು ಬಂದ ಹೆಂಗಸು ನಿಂತು ನೋಡಿದರು. ನೋಡಲಿ. ನಾನು ಮೆಟ್ಟಿಲಿಗೆ ಹಿಂದೆ ಹಿಂದೆ ನಡೆದೆ, ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ತಡಿನಿ ದೊಡ್ಡಮ್ಮ, ರೆಕಾರ್ಡ್ ಮಾಡ್ತೆ!" ಎಂದಳು ಪೂರ್ವಿ.

"ಕೈ ಬಿಟ್ರೆ ಸೀರೆ ಮಣ್ಣಿಗ್ ಬೀಳ್ತ್. ಐಸಾ ಅನ್!"

ಅಂದಳು. ಮೊದಲು ನಾಚಿಕೊಂಡು, ಆಮೇಲೆ ಬೀದಿಗೆ ಕೇಳುವ ಹಾಗೆ. ಸೀರೆಯಲ್ಲಿ ಒಂದು ಸುಕ್ಕು ಉಳಿಯದಷ್ಟು ಹೊತ್ತು ಎಳೆದೆವು. ಕೊನೆಗೆ 'ಹಿಂದ್ ಹೋಪರ್' ಎಂದು ಮತ್ತೊಮ್ಮೆ ಎತ್ತಿ ನಾನು ಉಸಿರಿಗಾಗಿ ನಿಂತರೆ, ಉಳಿದದ್ದನ್ನು ಅವಳೇ ಹೇಳಿ ಮುಗಿಸಿದಳು.

ಹಳದಿ ಶೀಟನ್ನು ಮಗುಚಿ ಹಾಕಿ ಹಿಂದಿನ ಬದಿಯಲ್ಲಿ ಹೊಸದಾಗಿ ನಾಲ್ಕು ಚೌಕ ಎಳೆದಿದ್ದಾಳೆ. ಫೋಟೋದ ಕವಿಯನ್ನು ಜೋಪಾನವಾಗಿ ನನ್ನ ಕಪಾಟಿನ ಗಾಜಿಗೆ ಅಂಟಿಸಿದ್ದೇವೆ, ಅವರ ಪುಸ್ತಕ ತಂದು ಓದಿಯೇ ಅವರ ಬಗ್ಗೆ ಮಾತಾಡುವುದೆಂದು ತೀರ್ಮಾನವಾಗಿದೆ. ಕೊನೆಯ ಚೌಕದಲ್ಲಿ ಪೂರ್ವಿ ಕೆಂಪು ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾಳೆ, 'ಪ್ರಶಸ್ತಿಗಳು: ಬಾಯಿಪಾಲು'. ಬರೆದು, ಪೆನ್ನಿನ ತುದಿ ಕಚ್ಚಿ, "ಲಿಸ್ಟಲ್ಲಿ ಇಲ್ಲ ಅಂದ್ ಟೀಚರ್ ಮಾರ್ಕ್ ಕೊಡ್ದಿದ್ರೆ?" ಎಂದು ಕೇಳಿದಳು.

ಆದ್ದರಿಂದ ಬರುವ ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವುದಿಲ್ಲ. ರವಿಕೆ ಕೊಟ್ಟವರು ಮಧ್ಯಾಹ್ನದ ಮೇಲೆ ಬನ್ನಿ. ನಾನು ಪೂರ್ವಿಯ ಶಾಲೆಗೆ ಹೋಗುವವಳಿದ್ದೇನೆ, ಒಂದು ಖಾಲಿ ಬುಟ್ಟಿ ಹಿಡಿದುಕೊಂಡು.